ಬರ್ಲಿನ್‌ನ ಸೋವಿಯತ್ ಯುದ್ಧ ಸ್ಮಾರಕಗಳು: ಯಾವುದಕ್ಕೆ ಹೋಗುವುದು?

ಬರ್ಲಿನ್‌ನಲ್ಲಿ ಒಂದೇ ಸೋವಿಯತ್ ಸ್ಮಾರಕಕ್ಕೆ ಸಮಯವಿದೆ, ಯಾವುದು ನೋಡಲಿ ಎಂದು ಕೇಳಿದ್ದೀರಿ. ದುಡ್ಡಿನ ಯೋಚನೆ ಬೇಡ, ನಾನಿಲ್ಲಿ ಹೇಳುವ ಮೂರಕ್ಕೂ ಟಿಕೆಟ್ ಇಲ್ಲ.

ಸಮಯ ತೀರಾ ಕಡಿಮೆಯಿದ್ದರೆ ನಗರದ ಮಧ್ಯದ ಟಿಯರ್‌ಗಾರ್ಟನ್ ಪಾರ್ಕ್‌ನ ಸ್ಮಾರಕ. ಬ್ರಾಂಡೆನ್‌ಬರ್ಗ್ ಗೇಟ್‌ನಿಂದ ನಡೆದೇ ಹೋಗಬಹುದು. 1945ರ ನವೆಂಬರ್‌ನಲ್ಲೇ ತೆರೆದ ಸ್ಮಾರಕ ಇದು. ಎದುರಿಗೆ ಸೋವಿಯತ್ ಸೇನೆಯ ಎರಡು ಟಿ-34 ಟ್ಯಾಂಕ್‌ಗಳಿವೆ. ಪಕ್ಕದಲ್ಲೇ ದೊಡ್ಡ ರಸ್ತೆ, ಹಾಗಾಗಿ ಸದ್ದು ಜಾಸ್ತಿ.

ಅರ್ಧ ದಿನ ಇದ್ದರೆ ಟ್ರೆಪ್ಟೋವರ್ ಪಾರ್ಕ್. ಅದೇ ಹೆಸರಿನ ಎಸ್-ಬಾನ್ (ನಗರದ ಲೋಕಲ್ ರೈಲು) ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆಯಬೇಕು. 1949ರಲ್ಲಿ ತೆರೆದ ಈ ಜಾಗದಲ್ಲಿ ಸುಮಾರು 7,000 ಸೋವಿಯತ್ ಸೈನಿಕರ ಸಮಾಧಿ ಇದೆ. ಮಗುವನ್ನು ಎತ್ತಿಕೊಂಡ ಸೈನಿಕನ ಪ್ರತಿಮೆಯೇ ಸುಮಾರು 12 ಮೀಟರ್ ಎತ್ತರ. ಅವನ ಕತ್ತಿಯ ಕೆಳಗೆ ಮುರಿದ ನಾಜಿ ಸ್ವಸ್ತಿಕ. ಇಕ್ಕೆಲದ ಕಲ್ಲುಗಳ ಮೇಲೆ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್ ಮಾತುಗಳು ಇನ್ನೂ ಇವೆ, ಒಂದು ಕಡೆ ರಷ್ಯನ್, ಇನ್ನೊಂದು ಕಡೆ ಜರ್ಮನ್. ಅವನ್ನು ನೋಡಿ ಕಸಿವಿಸಿ ಆಗುವುದು ಸಹಜ ಅಲ್ವಾ? ಆದರೂ ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಜನಜಂಗುಳಿ ಬೇಡ, ಸುಮ್ನೆ ಕೂರಬೇಕು ಅನ್ನುವವರಿಗೆ ಉತ್ತರದ ಶೋನ್‌ಹೋಲ್ಟ್ಸರ್ ಹೈಡೆ. ದೂರ ಹೌದು. ಆದರೆ ಇಲ್ಲಿ 13,000ಕ್ಕೂ ಹೆಚ್ಚು ಸೈನಿಕರ ಸಮಾಧಿ ಇದೆ. ಹೂವು ಒಯ್ಯುವುದಾದರೆ ಇಲ್ಲಿಗೇ ಒಯ್ಯಿರಿ.