ಐದು ವರ್ಷ ಫ್ಯಾಮಿಲಿಸರ್ಚ್ ಬಳಸಿದ ಮೇಲೆ: ಒಹಾಯೊದ ಒಂದು ರೈತ ಮನೆತನದ ವಂಶಾವಳಿ

ನಾವು ಮಗಳನ್ನು ಕೊಟ್ಟಿರುವುದು ಒಹಾಯೊ ರಾಜ್ಯದ ಹಳ್ಳಿಯೊಂದರ ಹಳೆಯ ರೈತ ಮನೆತನಕ್ಕೆ. ಅಳಿಯನ ಪೂರ್ವಿಕರನ್ನು ಹುಡುಕುವ ಕೆಲಸವನ್ನು ನಿವೃತ್ತಿಯ ಬಿಡುವಿನಲ್ಲಿ ನಾನೇ ಮೈಮೇಲೆ ಎಳೆದುಕೊಂಡೆ. ನಮ್ಮ ಬೆಳಗಾವಿ ಸೀಮೆಯಲ್ಲಾದರೆ ಹೆಳವರು ಮನೆಬಾಗಿಲಿಗೇ ಬಂದು ತಲೆಮಾರುಗಳ ಹೆಸರು ಹೇಳುತ್ತಿದ್ದರು. ಇಲ್ಲಿ ಎಲ್ಲವನ್ನೂ ಕಾಗದಗಳಿಂದಲೇ ಹೇಳಿಸಬೇಕು. ಅದಕ್ಕಾಗಿ ಐದು ವರ್ಷಗಳಿಂದ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನವರು ನಡೆಸುವ ಫ್ಯಾಮಿಲಿಸರ್ಚ್ ಜಾಲತಾಣವನ್ನು ಬಳಸುತ್ತಿದ್ದೇನೆ. ಖಾತೆ ತೆರೆದರೆ ಸಾಕು, ಹಣ ಕಟ್ಟಬೇಕಾಗಿಲ್ಲ. 1938ರಿಂದ ಮೈಕ್ರೋಫಿಲ್ಮಿನಲ್ಲಿ ಸೆರೆಹಿಡಿದ ದಾಖಲೆಗಳ ಚಿತ್ರಗಳೇ ಇದರ ನಿಜವಾದ ಬಂಡವಾಳ.

1900ರಿಂದ 1850ರವರೆಗೆ ಜನಗಣತಿಯ ಪುಟಗಳನ್ನು ಹಿಡಿದು ಹಿಂದಕ್ಕೆ ಹೋಗುವುದು ಕಷ್ಟವಲ್ಲ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಬೆಂಕಿ ಅನಾಹುತದ ಪರಿಣಾಮವಾಗಿ 1890ರ ಗಣತಿಯ ಬಹುಭಾಗ ನಾಶವಾಗಿರುವುದರಿಂದ ಅಲ್ಲೊಂದು ಇಪ್ಪತ್ತು ವರ್ಷಗಳ ಕಂದರವಿದೆ, ಅಷ್ಟೇ. ನಿಜವಾದ ಗೋಡೆ ಎದುರಾಗುವುದು 1850ರ ಆಚೆಗೆ. 1840ರ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಉಳಿದವರು ವಯಸ್ಸಿನ ಕಾಲಮುಗಳಲ್ಲಿ ಬರಿಯ ಅಂಕಿಗಳು. ಯಜಮಾನನೊಂದಿಗಿನ ಸಂಬಂಧವನ್ನು ಬರೆಯುವ ಪದ್ಧತಿ ಬಂದದ್ದು 1880ರಲ್ಲಿ. ಹೀಗಾಗಿ 1850ರ ಪುಟದಲ್ಲಿ ಕಾಣುವ ಇಪ್ಪತ್ತರ ಹೆಣ್ಣು ಮಗಳೋ, ಸೊಸೆಯೋ, ಮನೆಗೆಲಸದವಳೋ ಹೇಳಲಾಗದು. ಒಹಾಯೊದ ಕೌಂಟಿ ನ್ಯಾಯಾಲಯಗಳು ಜನನ ಮರಣಗಳನ್ನು ದಾಖಲಿಸತೊಡಗಿದ್ದೂ 1867ರಿಂದ.

ಈ ಗೋಡೆಯ ಮುಂದೆ ಮೂರು ವರ್ಷ ಕುಳಿತಿದ್ದೆ. 2024ರಲ್ಲಿ ಬಂದ ಪೂರ್ಣಪಠ್ಯ ಹುಡುಕಾಟದಿಂದ ದಾರಿ ತೆರೆಯಿತು. ಕೈಬರಹದ ಉಯಿಲು, ಕ್ರಯಪತ್ರಗಳನ್ನು ಯಂತ್ರವೇ ಓದಿ ಸಾಲು ಸಾಲಾಗಿ ಹುಡುಕಲು ಕೊಡುವ ಸೌಲಭ್ಯವಿದು. ಯಜಮಾನನ ಹೆಸರು ಹಾಕಿದಾಗ 1854ರ ಒಂದು ಪತ್ರ ಸಿಕ್ಕಿತು: ತಂದೆ ತೀರಿಕೊಂಡ ಮೇಲೆ ಏಳು ಮಂದಿ ವಾರಸುದಾರರು ಹೊಲದ ತಮ್ಮ ಪಾಲನ್ನು ಹಿರಿಯಣ್ಣನಿಗೆ ಬಿಟ್ಟುಕೊಟ್ಟಿದ್ದರು. ಮದುವೆಯಾಗಿ ಅಡ್ಡಹೆಸರು ಬದಲಾದ್ದರಿಂದ ಕಾಣದೆ ಹೋಗಿದ್ದ ಮೂವರು ಹೆಣ್ಣುಮಕ್ಕಳು ಅದರಲ್ಲಿ ಗಂಡಂದಿರ ಹೆಸರಿನೊಂದಿಗೆ ಇದ್ದರು. ಹೆಂಡತಿಯನ್ನು ಗಂಡನಿಂದ ಬೇರೆಯಾಗಿ ವಿಚಾರಿಸಿದಾಗಲೂ ಆಕೆ ಸ್ವಇಚ್ಛೆಯಿಂದಲೇ ಸಹಿ ಹಾಕಿದ್ದಾಗಿ ಹೇಳಿದಳೆಂಬ ಷರಾ ಅಂದಿನ ಪತ್ರಗಳಲ್ಲಿ ಸಾಮಾನ್ಯ. ಇದು ಬರೀ ಕಾನೂನಿನ ಒಕ್ಕಣೆಯೆಂದು ಗೊತ್ತಿದ್ದರೂ, ಅದನ್ನು ಓದುವಾಗ ಆ ಹೆಂಗಸರ ದನಿ ಕೇಳಿದಂತಾಯಿತು.

ಯಂತ್ರದ ಓದನ್ನು ಮಾತ್ರ ಪೂರ್ತಿ ನಂಬಬಾರದು. ಹತ್ತೊಂಬತ್ತನೆಯ ಶತಮಾನದ ಗುಮಾಸ್ತರು ಜೋಡಿ ‘ಎಸ್’ ಬರೆಯುವಾಗ ಎಷ್ಟೋ ಸಲ ಮೊದಲನೆಯದನ್ನು ‘ಎಫ್’ನಂತೆ ಉದ್ದಕ್ಕೆ ಎಳೆಯುತ್ತಿದ್ದುದರಿಂದ, ಅಂಥ ಹೆಸರುಗಳನ್ನು ತಪ್ಪು ಕಾಗುಣಿತದಲ್ಲೂ ಹುಡುಕಬೇಕಾಗುತ್ತದೆ. ನಾನು ಎರಡು ವರ್ಷ ಚಂದಾ ಕಟ್ಟಿದ್ದ ಇನ್ನೊಂದು ಜಾಲತಾಣದ ಸೂಚಿಯಲ್ಲೂ ಇದೇ ತೊಡಕಿತ್ತು; ಅದನ್ನು ಈಗ ನಿಲ್ಲಿಸಿದ್ದೇನೆ.

ಫ್ಯಾಮಿಲಿಸರ್ಚಿನ ವಂಶವೃಕ್ಷ ಎಲ್ಲರಿಗೂ ಸೇರಿ ಒಂದೇ; ಯಾರು ಬೇಕಾದರೂ ತಿದ್ದಬಹುದು. ಇದರ ಅಪಾಯ ನನಗೆ ತಿಳಿದದ್ದು ನನ್ನ ತಪ್ಪಿನಿಂದಲೇ. ಒಂದೇ ಹೆಸರಿನ ಇಬ್ಬರು ದಾಯಾದಿಗಳನ್ನು ಒಬ್ಬನೆಂದು ಭಾವಿಸಿ ನಾನು ಸೇರಿಸಿಬಿಟ್ಟಿದ್ದೆ. ಆ ವಂಶದ ದೂರದ ಸಂಬಂಧಿಯೊಬ್ಬರು ಇಬ್ಬರ ಗೋರಿಕಲ್ಲುಗಳ ಚಿತ್ರ ಕಳಿಸಿ, ಬೇಸರಿಸದೆ ತಿದ್ದಿಕೊಟ್ಟರು. ಅಂದಿನಿಂದ ಮೂಲಪುಟದ ಚಿತ್ರವನ್ನು ನೋಡದೆ ವೃಕ್ಷದಲ್ಲಿ ಒಂದು ಹೆಸರನ್ನೂ ಸೇರಿಸಿಲ್ಲ.

ಕೆಲವು ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ. ಅವುಗಳಿಗಾಗಿ ಅವರ ಕೇಂದ್ರಕ್ಕೋ, ಅವರೊಂದಿಗೆ ಒಪ್ಪಂದವಿರುವ ಗ್ರಂಥಾಲಯಕ್ಕೋ ಹೋಗಬೇಕು. ಹಳ್ಳಿ ಪತ್ರಿಕೆಗಳ ಮರಣವಾರ್ತೆಗಳನ್ನು ಹುಡುಕುವವರು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಉಚಿತ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹವನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆ ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಸಂಸಾರಸಮೇತ ಅಯೋವಾಗೆ ಹೋಗಿ ನೆಲೆಸಿದ್ದು ನನಗೆ ತಿಳಿದದ್ದು ಅಲ್ಲಿ ಸಿಕ್ಕ ನಾಲ್ಕು ಸಾಲಿನ ಸುದ್ದಿಯಿಂದ.