ತುಮಕೂರಿನ ಲೆಗ್ ಸ್ಪಿನ್ ಶಿಬಿರ: ಟೆರ್ರಿ ಜೆನ್ನರ್ ಹಾದಿಯ ಪಾಠ

ಕ್ಯಾತ್ಸಂದ್ರದ ಕಡೆಗೆ ಹೋಗುವ ದಾರಿಯಲ್ಲಿನ ಸಣ್ಣ ಮೈದಾನವೊಂದರಲ್ಲಿ ಈ ಬೇಸಿಗೆ ರಜೆಯಲ್ಲಿ ನಡೆದ ಲೆಗ್ ಸ್ಪಿನ್ ಶಿಬಿರಕ್ಕೆ ನನ್ನ ಮಗನನ್ನು ಸೇರಿಸಿದ್ದೆ. ಆರು ವಾರಗಳ ಕಾಲ ಬೆಳಗಿನ ಹೊತ್ತು ಮೈದಾನದ ಅಂಚಿನಲ್ಲಿ ಕುಳಿತು ನೋಡಿದ ಮೇಲೆ, ಮಣಿಕಟ್ಟಿನ ಸ್ಪಿನ್ ಕಲಿಯಬೇಕೆನ್ನುವ ಮಕ್ಕಳನ್ನು ಇಲ್ಲಿಗೆ ಧೈರ್ಯವಾಗಿ ಕಳುಹಿಸಬಹುದು ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಮೊದಲ ದಿನ ತರಬೇತುದಾರರು ಯಾರ ಕೈಗೂ ಚೆಂಡು ಕೊಡಲಿಲ್ಲ. ಮಕ್ಕಳನ್ನೆಲ್ಲ ಹೊಂಗೆ ಮರದ ಕೆಳಗೆ ಕೂರಿಸಿ, ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಟೆರ್ರಿ ಜೆನ್ನರ್ ಅವರ ಬದುಕನ್ನು ಹೇಳಿದರು. ಶೇನ್ ವಾರ್ನ್ ಅವರ ಹೆಸರು ಪ್ರತಿಯೊಬ್ಬ ಹುಡುಗನಿಗೂ ಗೊತ್ತಿತ್ತು. ಅವರ ಗುರು ಜೆನ್ನರ್ ಹೆಸರು ಒಬ್ಬನಿಗೂ ಗೊತ್ತಿರಲಿಲ್ಲ.

1944ರಲ್ಲಿ ಪರ್ತ್‌ನಲ್ಲಿ ಹುಟ್ಟಿದ ಜೆನ್ನರ್, ಅವಕಾಶ ಅರಸಿ ಅಡಿಲೇಡ್‌ಗೆ ಹೋಗಿ ಸೌತ್ ಆಸ್ಟ್ರೇಲಿಯಾ ತಂಡದ ಪರ ಆಡಿದವರು. 1970ರಿಂದ 1975ರವರೆಗೆ ಅವರು ಆಡಿದ್ದು 9 ಟೆಸ್ಟ್, ಪಡೆದದ್ದು 24 ವಿಕೆಟ್. 1973ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 90 ರನ್ನಿಗೆ 5 ವಿಕೆಟ್ ಪಡೆದದ್ದೇ ಅವರ ಅತ್ಯುತ್ತಮ ಸಾಧನೆ. 1971ರ ಸಿಡ್ನಿ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಜಾನ್ ಸ್ನೋ ಎಸೆದ ಚೆಂಡು ತಲೆಗೆ ಬಡಿದು ಅವರು ಮೈದಾನ ಬಿಡಬೇಕಾಯಿತು. ಪ್ರೇಕ್ಷಕರು ಕೆರಳಿ, ಇಂಗ್ಲೆಂಡ್ ನಾಯಕ ಇಲ್ಲಿಂಗ್‌ವರ್ತ್ ತಮ್ಮ ತಂಡವನ್ನೇ ಹೊರಗೆ ಕರೆದೊಯ್ದರು. ಜೆನ್ನರ್ ಮತ್ತೆ ಬಂದು ಬ್ಯಾಟ್ ಹಿಡಿದರು.

ಆಟ ಮುಗಿದ ಮೇಲಿನ ವರ್ಷಗಳು ಅವರಿಗೆ ಕಠಿಣವಾದವು. ಜೂಜಿನ ಸಾಲಕ್ಕೆ ಸಿಕ್ಕಿ, ಕೆಲಸ ಕೊಟ್ಟವರ ಹಣವನ್ನೇ ದುರುಪಯೋಗ ಮಾಡಿಕೊಂಡು, 1988ರಲ್ಲಿ ಆರೂವರೆ ವರ್ಷದ ಶಿಕ್ಷೆಗೆ ಒಳಗಾಗಿ, ಸುಮಾರು ಹದಿನೆಂಟು ತಿಂಗಳು ಜೈಲಿನಲ್ಲಿದ್ದರು. ಹೊರಬಂದ ಬಳಿಕ ಅಡಿಲೇಡ್‌ನ ಕ್ರಿಕೆಟ್ ಅಕಾಡೆಮಿಯಲ್ಲಿ ಅವರ ಮುಂದೆ ನಿಂತ ಹುಡುಗನೇ ವಾರ್ನ್. ಅಲ್ಲಿಂದ 2011ರಲ್ಲಿ ಜೆನ್ನರ್ ತೀರಿಕೊಳ್ಳುವವರೆಗೂ, 708 ಟೆಸ್ಟ್ ವಿಕೆಟ್ ಪಡೆದ ಆ ಶಿಷ್ಯ ಬೌಲಿಂಗ್ ಹದ ತಪ್ಪಿದಾಗಲೆಲ್ಲ ಅವರನ್ನೇ ನೆಚ್ಚಿಕೊಂಡಿದ್ದರು. ಮಕ್ಕಳ ಮುಂದೆ ಜೈಲಿನ ವಿಷಯ ಎತ್ತಬಾರದಿತ್ತೆಂದು ಕೆಲವು ಪೋಷಕರು ಬೇಸರಪಟ್ಟರು. ನನಗೆ ಹಾಗನ್ನಿಸಲಿಲ್ಲ. ಒಂದು ಓವರಿನಲ್ಲಿ ಮೂರು ಸಿಕ್ಸರ್ ಹೊಡೆಸಿಕೊಂಡು ಮತ್ತೆ ಚೆಂಡು ಕೇಳಬೇಕಾದ ಹುಡುಗರಿಗೆ, ಬಿದ್ದು ಎದ್ದ ಮನುಷ್ಯನ ಕಥೆಯನ್ನು ಪೂರ್ತಿಯಾಗಿ ಹೇಳಿದ್ದೇ ಸರಿ.

ಪಾಠದ ಕ್ರಮವೂ ಅದೇ ಪರಂಪರೆಯದು. ನಮ್ಮ ಕಡೆಯ ಮಕ್ಕಳ ಕಣ್ಣಲ್ಲಿರುವುದು ಚಂದ್ರಶೇಖರ್ ಮತ್ತು ಕುಂಬ್ಳೆ. ಇಬ್ಬರೂ ವೇಗವಾಗಿ, ನೇರವಾಗಿ ಹಾಕಿ ಗೆದ್ದವರು. ಅವರಂತೆಯೇ ಹಾಕಲು ಹೋಗಿ ಹುಡುಗರು ಚೆಂಡನ್ನು ತಿರುಗಿಸುವುದನ್ನೇ ಮರೆಯುತ್ತಾರೆ. ಇಲ್ಲಿ ಪಿಚ್ಚಿನ ನಡುವೆ ಎರಡು ಕಂಬಗಳಿಗೆ ಹಗ್ಗ ಕಟ್ಟಿ, ಚೆಂಡು ಅದರ ಮೇಲಿಂದ ಹೋಗಿ ಆಚೆ ಇಳಿಯಬೇಕೆಂದು ಕಲಿಸುತ್ತಾರೆ. ಅರ್ಧ ಕೆಂಪು, ಅರ್ಧ ಬಿಳಿ ಬಣ್ಣದ ಚೆಂಡು ಕೊಡುವುದರಿಂದ, ಹೊಲಿಗೆ ಓಲಾಡಿದರೆ ಹಾಕಿದವನಿಗೇ ಕಾಣುತ್ತದೆ. ಮೊದಲ ಮೂರು ವಾರ ಲೆಗ್ ಕಡೆಯಿಂದ ಆಫ್ ಕಡೆಗೆ ತಿರುಗುವ ಲೆಗ್ ಬ್ರೇಕ್ ಮಾತ್ರ; ಅದರಂತೆಯೇ ಕಂಡು ಎದುರು ದಿಕ್ಕಿಗೆ ತಿರುಗುವ ಗೂಗ್ಲಿಯ ಮಾತೇ ಇಲ್ಲ. "ಸರ್, ಗೂಗ್ಲಿ ಯಾವಾಗ?" ಎಂದ ಮಗನಿಗೆ, "ಲೆಗ್ ಬ್ರೇಕ್ ನಿನ್ನ ಮಾತು ಕೇಳಲಿ ಕಣಪ್ಪ, ಆಮೇಲೆ" ಎಂದರು. ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಅವನ ಚೆಂಡು ಹಗ್ಗ ದಾಟಿ, ಲೆಗ್ ಸ್ಟಂಪಿನ ಸಾಲಿನಲ್ಲಿ ಬಿದ್ದು, ಆಫ್ ಸ್ಟಂಪಿನಾಚೆಗೆ ತಿರುಗಿತು. ನಾನು ಕುಳಿತಲ್ಲಿಂದ ಎದ್ದು ನಿಂತೆ.

ಕೊರತೆಗಳನ್ನೂ ಹೇಳಬೇಕು. ಒಬ್ಬರೇ ತರಬೇತುದಾರರಿಗೆ ಮಕ್ಕಳ ಸಂಖ್ಯೆ ಹೆಚ್ಚಾಗಿ, ಕೆಲವು ದಿನ ಮಗನ ಸರದಿ ಒಮ್ಮೆ ಮಾತ್ರ ಬಂತು. ಮ್ಯಾಟಿನ ಒಂದು ಅಂಚು ಹರಿದಿದೆ. ಚೆಂಡುಗಳು ಸವೆದು ಹೊಲಿಗೆ ಬೆರಳಿಗೇ ಸಿಗುವುದಿಲ್ಲ. ಬೆರಳಿಗೆ ಹೊಲಿಗೆ ಸಿಗದ ಮೇಲೆ ಲೆಗ್ ಸ್ಪಿನ್ ಕಲಿಸುವುದಾದರೂ ಹೇಗೆ? ಎರಡನೆಯ ವಾರ ನಾನೇ ಹೊಸ ಚೆಂಡೊಂದನ್ನು ತಂದುಕೊಟ್ಟೆ. ಮುಂದಿನ ಶಿಬಿರಕ್ಕೆ ಸೇರಿಸುವವರು ಮಗುವಿನ ಚೀಲದಲ್ಲಿ ಸ್ವಂತ ಚೆಂಡೊಂದನ್ನು ಇಟ್ಟು ಕಳುಹಿಸಿ.