ದಾಕ್ಷಾಯಿಣಿ ವೇಲಾಯುಧನ್ ಜಾಡಿನಲ್ಲಿ ಅರ್ಧ ದಿನ: ಕೊಚ್ಚಿಯ ಒಂದು ದೋಣಿಯಾನದ ವಿಮರ್ಶೆ

ಕೊಚ್ಚಿಯ ದೋಣಿಯಾನವೆಂದರೆ ಚೀನೀ ಬಲೆ, ಸೂರ್ಯಾಸ್ತ, ಒಂದಿಷ್ಟು ಫೋಟೊ ಎಂದೇ ನಾನು ತಿಳಿದಿದ್ದೆ. ಸಂವಿಧಾನ ಸಭೆಯಲ್ಲಿದ್ದ ಏಕೈಕ ದಲಿತ ಮಹಿಳೆ ದಾಕ್ಷಾಯಿಣಿ ವೇಲಾಯುಧನ್ ಅವರ ಬದುಕಿನ ಜಾಡು ಹಿಡಿದು ಅರ್ಧ ದಿನ ಸುತ್ತಿಸುವ ಪುಟ್ಟ ತಂಡವೊಂದು ಅಲ್ಲಿದೆ ಎಂದು ಗೆಳತಿ ಹೇಳಿದ ಮೇಲೆ, ಮಂಗಳೂರಿನಿಂದ ರಾತ್ರಿ ರೈಲು ಹತ್ತಿ ಕಳೆದ ಡಿಸೆಂಬರಿನಲ್ಲಿ ಹೋಗಿಬಂದೆ. ಶುಲ್ಕ ತಲೆಗೆ 900 ರೂಪಾಯಿ. ಚಹಾ ಮತ್ತು ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಅದರಲ್ಲೇ ಸೇರಿದೆ. ಬೆಳಿಗ್ಗೆ 8ಕ್ಕೆ ಹೊರಟ ನಾವು ಒಂಬತ್ತು ಮಂದಿ ಮಧ್ಯಾಹ್ನ 12.30ರ ಹೊತ್ತಿಗೆ ದಡ ಸೇರಿದೆವು.

ಈ ಯಾನದ ಜೀವಾಳ ಅದರ ಮೊದಲ ಒಂದು ಗಂಟೆ. ಮುಳವುಕಾಡ್ ದ್ವೀಪ ಕಣ್ಣಿಗೆ ಬೀಳುತ್ತಿದ್ದಂತೆ ಅಂಬಿಗರು ಇಂಜಿನ್ ನಿಲ್ಲಿಸುತ್ತಾರೆ. ಅಲ್ಲಿ ಕಾದಿರುವ ಇನ್ನೊಂದು ದೋಣಿಯನ್ನು ನಮ್ಮದರ ಪಕ್ಕಕ್ಕೆ ತಂದು ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಎರಡರ ಮೇಲೂ ಒಂದು ಹಲಗೆ ಹಾಕಿ, ಬೇಕಾದವರು ಎದ್ದು ನಿಲ್ಲಿ ಎನ್ನುತ್ತಾರೆ. ನಿಂತೆ. ಕಾಲಡಿ ಹಲಗೆ ಓಲಾಡುತ್ತಿತ್ತು. ಪಕ್ಕದಲ್ಲಿದ್ದವರ ಭುಜ ಹಿಡಿಯದೆ ಬೇರೆ ದಾರಿ ಇರಲಿಲ್ಲ. ಮಾರ್ಗದರ್ಶಿ ಕತೆ ಶುರು ಮಾಡಿದ್ದು ಆಗ. 1913ರಲ್ಲಿ, ಅಸ್ಪೃಶ್ಯರೆನಿಸಿಕೊಂಡಿದ್ದ ಪುಲಯ ಸಮುದಾಯದವರು ಸಭೆ ಸೇರಬೇಕೆಂದರೆ ಕಾಲೂರಲು ಎಲ್ಲೂ ನೆಲ ಸಿಗದಿದ್ದುದರಿಂದ, ದೋಣಿಗಳನ್ನು ಒಂದಕ್ಕೊಂದು ಕಟ್ಟಿ ನೀರಿನ ಮೇಲೆಯೇ ಸಭೆ ನಡೆಸಿದರು. ಅದೇ ಕಾಯಲ್ (ಹಿನ್ನೀರು) ಸಮ್ಮೇಳನ. ಅದರ ಹಿಂದೆ ಕವಿ, ಸಮಾಜ ಸುಧಾರಕ ಪಂಡಿತ್ ಕರುಪ್ಪನ್ ಇದ್ದರು, ದಾಕ್ಷಾಯಿಣಿಯ ಬಂಧು ಕೃಷ್ಣಾದಿ ಆಶಾನ್ ಇದ್ದರು. 1912ರ ಜುಲೈ 4ರಂದು ಇದೇ ಮುಳವುಕಾಡಿನಲ್ಲಿ ಹುಟ್ಟಿದ ದಾಕ್ಷಾಯಿಣಿ ಆಗಿನ್ನೂ ವರ್ಷ ತುಂಬದ ಕೂಸು. ಹತ್ತು ಪುಟ ಓದಿದರೂ ಆಗದ ತಿಳಿವಳಿಕೆ ಆ ಓಲಾಡುವ ಹಲಗೆಯ ಮೇಲೆ ನನಗಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ದ್ವೀಪದೊಳಗಿನ ನಡಿಗೆಯೂ ಚೆನ್ನಾಗಿದೆ. ಅಳಕಿ, ಚಕ್ಕಿ, ಕಾಳಿ ಎಂಬಂಥ ಹೆಸರುಗಳೇ ಪುಲಯ ಹೆಣ್ಣುಮಕ್ಕಳಿಗೆ ಮೀಸಲಾಗಿದ್ದ ಕಾಲದಲ್ಲಿ ಮಗಳಿಗೆ ದಾಕ್ಷಾಯಿಣಿ ಎಂದು ಹೆಸರಿಡುವುದೇ ಒಂದು ಪ್ರತಿಭಟನೆಯಾಗಿತ್ತೆಂಬುದನ್ನು ಮಾರ್ಗದರ್ಶಿ ಸೊಗಸಾಗಿ ವಿವರಿಸಿದರು. ಮುಂದೆ ಶಿಕ್ಷಕಿಯಾದ ದಾಕ್ಷಾಯಿಣಿ ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದಾಗ ಎದುರಾದ ಮೇಲ್ಜಾತಿಯ ಹೆಂಗಸು ಕೆಳಗಿಳಿದು ದಾರಿ ಬಿಡೆಂದಳಂತೆ. ಇವರು ಜಗ್ಗಲಿಲ್ಲ, ಕೊನೆಗೆ ಗದ್ದೆಗಿಳಿದದ್ದು ಆ ಹೆಂಗಸೇ. ಈ ಪ್ರಸಂಗವನ್ನು ದ್ವೀಪದ ಒಂದು ಬದುವಿನ ಮೇಲೆ ನಿಲ್ಲಿಸಿ ಹೇಳುತ್ತಾರೆ, ಆದರೆ ಅದು ನಡೆದದ್ದು ತ್ರಿಶೂರಿನ ಕಡೆ ಎಂಬುದನ್ನು ನಾವಾಗಿ ಕೇಳುವವರೆಗೆ ಹೇಳಲಿಲ್ಲ. ನೆಲವನ್ನೇ ಸಾಕ್ಷಿಯಾಗಿ ತೋರಿಸುವ ಯಾನದಲ್ಲಿ ಇಂಥ ಸಡಿಲು ಸಲ್ಲದು. ಎರ್ನಾಕುಲಂನ ಮಹಾರಾಜಾಸ್ ಕಾಲೇಜನ್ನು ಗೇಟಿನ ಹೊರಗಿನಿಂದಷ್ಟೇ ತೋರಿಸುತ್ತಾರೆ. ದಾಕ್ಷಾಯಿಣಿ ಅಲ್ಲಿ ರಸಾಯನಶಾಸ್ತ್ರ ಓದುವಾಗ ಅಧ್ಯಾಪಕರು ಪ್ರಯೋಗ ತೋರಿಸಲೊಲ್ಲದಿದ್ದಾಗ, ದೂರದಿಂದಲೇ ನೋಡಿ ಕಲಿತು 1935ರಲ್ಲಿ ಪದವಿ ಪಡೆದರು.

ನನ್ನ ದೊಡ್ಡ ತಕರಾರು ಇದರ ನಂತರದ್ದು. ಹೋರಾಟದ ಮನೆಯಿಂದ ಬಂದ ಈ ಹೆಣ್ಣುಮಗಳು ರಾಜಕೀಯಕ್ಕೆ ಬಂದು ಮಾಡಿದ್ದೇನು ಎಂಬುದು ಚಹಾ ಕುಡಿಯುವ ಹತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತದೆ; ಅದರಲ್ಲೂ ಅರ್ಧ ಪಾಲು ವಾರ್ಧಾದಲ್ಲಿ ನಡೆದ ಅವರ 1940ರ ಮದುವೆಗೆ. ಗಾಂಧಿ, ಕಸ್ತೂರ್ಬಾ ಎದುರಿನಲ್ಲಿ ಕುಷ್ಠರೋಗಿಯೊಬ್ಬರು ಪೌರೋಹಿತ್ಯ ವಹಿಸಿದ ಮದುವೆ ದೊಡ್ಡ ಸಂಗತಿಯೇ, ಇಲ್ಲವೆನ್ನುವುದಿಲ್ಲ. ಆದರೆ 1945ರಲ್ಲಿ ಕೊಚ್ಚಿ ವಿಧಾನ ಪರಿಷತ್ತಿಗೆ, ಮರುವರ್ಷ 34ನೆಯ ವಯಸ್ಸಿನಲ್ಲಿ ಸಂವಿಧಾನ ಸಭೆಗೆ ಹೋದ ಈಕೆ ಅಲ್ಲಿ ಯಾರ ನೆರಳಾಗಿಯೂ ಕೂರಲಿಲ್ಲ. ತಮ್ಮ ಜನಕ್ಕೆ ಬೇಕಾದದ್ದು ವಿಶೇಷ ರಕ್ಷಣೆಗಳಿಗಿಂತ ಹೆಚ್ಚಾಗಿ ನೈತಿಕ ರಕ್ಷಣೆ ಎಂದು 1946ರ ಡಿಸೆಂಬರಿನಲ್ಲೇ ವಾದಿಸಿದರು; ಒಂದು ಸಮುದಾಯದ ಮತದಾರರಷ್ಟೇ ತಮ್ಮ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರವನ್ನು ವಿರೋಧಿಸಿದರು; 1948ರ ನವೆಂಬರಿನಲ್ಲಿ ಸಂವಿಧಾನದ ಕರಡಿನಲ್ಲಿ ಅಧಿಕಾರವೆಲ್ಲ ಕೇಂದ್ರಕ್ಕೇ ಹರಿದುಹೋಗುತ್ತಿದೆ ಎಂದು ಆಕ್ಷೇಪವೆತ್ತಿದರು; ಇಂದು 17ನೆಯ ವಿಧಿಯಾಗಿರುವ ಅಸ್ಪೃಶ್ಯತಾ ನಿಷೇಧದ ಚರ್ಚೆಯಲ್ಲೂ ಮಾತಾಡಿದರು. ಅವರ ಎಲ್ಲ ನಿಲುವನ್ನೂ ನಾನು ಒಪ್ಪುವುದಿಲ್ಲ, ಮೀಸಲಾತಿಯ ವಿಚಾರದಲ್ಲಂತೂ ಒಪ್ಪಲಾರೆ. ಹಾಗೆ ಜಗಳವಾಡುವುದಕ್ಕಾದರೂ ಆ ನಿಲುವುಗಳನ್ನು ನಮ್ಮ ಮುಂದೆ ಇಡಬೇಡವೇ? ಮಾರ್ಗದರ್ಶಿ ‘ಮೊದಲ ದಲಿತ ಪದವೀಧರೆ’ ಎಂಬ ಬಿರುದನ್ನು ನಾಲ್ಕು ಬಾರಿ ಹೇಳಿದರು. ದಾಕ್ಷಾಯಿಣಿ 1971ರ ಲೋಕಸಭಾ ಚುನಾವಣೆಯಲ್ಲಿ ಅಡೂರಿನಿಂದ ನಿಂತು ಸೋತದ್ದನ್ನು, 1977ರಲ್ಲಿ ದೆಹಲಿಯಲ್ಲಿ ಮಹಿಳಾ ಜಾಗೃತಿ ಪರಿಷತ್ತು ಕಟ್ಟಿದ್ದನ್ನು ಒಮ್ಮೆಯೂ ಹೇಳಲಿಲ್ಲ. ನಾನು ಕೇಳಿದಾಗ, ಸೋಲಿನ ಕತೆ ಪ್ರವಾಸಿಗರಿಗೆ ರುಚಿಸುವುದಿಲ್ಲ ಎಂಬ ಉತ್ತರ ಬಂತು. ಅವರ ಪ್ರಾಮಾಣಿಕತೆ ಮೆಚ್ಚಿದೆ, ಉತ್ತರವನ್ನು ಮೆಚ್ಚಲಿಲ್ಲ.

ಉಳಿದ ವ್ಯವಸ್ಥೆಗೆ ಹೆಚ್ಚೇನೂ ಕೊರತೆಯಿಲ್ಲ. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು, ನನ್ನದರ ಬಕಲ್ ಮುರಿದಿದ್ದರಿಂದ ದಾರಕ್ಕೆ ಗಂಟು ಹಾಕಿಕೊಂಡೆ. ವಿವರಣೆ ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ, ಆದರೂ ಕಾಸರಗೋಡಿನ ಕಡೆಯ ಸಹಾಯಕರೊಬ್ಬರು ನಡುನಡುವೆ ನನಗಾಗಿ ಕನ್ನಡದಲ್ಲಿ ಹೇಳಿದರು. ಮೊಣಕಾಲು ನೋವಿರುವವರಿಗೆ ಈ ದೋಣಿ ಹತ್ತಿ ಇಳಿಯುವುದು ಕಷ್ಟವಾದೀತು; ಅಂಥವರು ಮುಳವುಕಾಡಿನ ಉತ್ತರ ಭಾಗಕ್ಕೆ 2024ರಿಂದ ಬರುತ್ತಿರುವ ವಾಟರ್ ಮೆಟ್ರೋ ಎಂಬ ನಗರ ದೋಣಿ ಸಾರಿಗೆಯಲ್ಲಿ ಹೋಗಿ ನಡಿಗೆಗೆ ಮಾತ್ರ ಸೇರಿಕೊಳ್ಳಬಹುದು, ತಂಡದವರು ಅರ್ಧ ಶುಲ್ಕಕ್ಕೆ ಒಪ್ಪುತ್ತಾರೆ. ಆದರೆ ಹಾಗೆ ಹೋದವರಿಗೆ ಆ ಜೋಡಿದೋಣಿಯ ಹಲಗೆ ಸಿಗುವುದಿಲ್ಲ. ನನ್ನ ಅಂಕ ಐದಕ್ಕೆ ಮೂರೂವರೆ, ಅದರಲ್ಲಿ ಎರಡೂವರೆ ಆ ಹಲಗೆಗೇ ಸಲ್ಲಬೇಕು.